ದೂರದ ನ್ಯಾಯಪೀಠ

ಅನ್ಯಾಯ ನಡೆದದ್ದು ನಮ್ಮ ಊರಿನಲ್ಲಿ. ತೀರ್ಪು ಕೊಡುವವರು ದೂರದಲ್ಲಿ ಕುಳಿತವರು. ಹಾಗಾದರೆ ಅದು ಯಾರ ನ್ಯಾಯ? ಇಂದು ಆಫ್ರಿಕದ ಜನ ಹೇಗ್ ನಗರದ ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯವನ್ನು ಕುರಿತು ಕೇಳುವ ಈ ಪ್ರಶ್ನೆ ನಮ್ಮ ಸವಳಂಗ, ಹೊನ್ನಾಳಿ, ಚನ್ನಗಿರಿ ಸೀಮೆಗೆ ಹೊಸದಲ್ಲ.

1830ರಲ್ಲಿ ಈ ಸೀಮೆ ಮೈಸೂರು ಸಂಸ್ಥಾನದ ನಗರ ಫೌಜುದಾರಿಗೆ ಸೇರಿತ್ತು. ಆಗ ಇದ್ದದ್ದು ಶರ್ತು ಪದ್ಧತಿ. ಇಷ್ಟು ಕಂದಾಯ ಕೂಡಿಸಿಕೊಡುತ್ತೇನೆಂದು ಅಮಲ್ದಾರನು ಮುಂಚಿತವಾಗಿಯೇ ಕರಾರು ಬರೆದುಕೊಡಬೇಕು. ಕಡಮೆ ಬಿದ್ದದ್ದನ್ನು ಕೈಯಿಂದ ತುಂಬಬೇಕು. ಕೈಯಿಂದ ತುಂಬುವ ಅಮಲ್ದಾರನುಂಟೆ? ಭಾರವೆಲ್ಲ ರೈತನ ಬೆನ್ನಿಗೆ ಬಂದಿತು. ಆ ವರ್ಷದ ಆಗಸ್ಟಿನಲ್ಲಿ ಬಸವಾಪಟ್ಟಣದಲ್ಲಿ ರೈತರು ಕೂಟ ಸೇರಿದರು. ಸವಳಂಗಕ್ಕೆ ಸಮೀಪದ ಚಿನ್ನಿಕಟ್ಟೆಯ ರೈತನ ಮಗನೊಬ್ಬ ಬೂದಿ ಬಸವಪ್ಪನೆಂಬ ಹೆಸರಿನಲ್ಲಿ, ಕೆಳದಿಯ ಅರಸರ ವಾರಸುದಾರ ತಾನೆಂದು ಮುಂದೆ ನಿಂತನು. 1831ರ ಜೂನ್ ತಿಂಗಳಲ್ಲಿ ಕಂಪನಿಯ ಸೈನ್ಯ ನಗರವನ್ನು ಹಿಡಿಯಿತು.

ಅದೇ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕನು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ಕಿತ್ತುಕೊಂಡನು. ದಂಗೆಯ ಕಾರಣಗಳನ್ನು ವಿಚಾರಿಸಿದ ಸಮಿತಿ ವರದಿ ಒಪ್ಪಿಸಿದ್ದು 1833ರ ಡಿಸೆಂಬರಿನಲ್ಲಿ. ಶಿಕ್ಷೆ ಮೊದಲು, ವಿಚಾರಣೆ ಆಮೇಲೆ! ಮರುವರ್ಷ ಬೆಂಟಿಂಕನೇ ರಾಜ್ಯದ ಬಹುಭಾಗವನ್ನು ಹಿಂದಿರುಗಿಸಬಹುದೆಂದು ಸೂಚಿಸಿದರೂ ಲಂಡನ್ನಿನ ನಿರ್ದೇಶಕರು ಒಪ್ಪಲಿಲ್ಲ. ಸಂಸ್ಥಾನ ಮರಳಿ ಅರಸರಿಗೆ ದೊರೆತದ್ದು 1881ರಲ್ಲಿ.

ಆದರೂ ಇದನ್ನು ಬರಿಯ ಮೋಸವೆಂದು ತಳ್ಳಿಹಾಕಲಾಗದು. ರೈತನ ಸಂಕಟ ನಿಜವೆಂದು ವರದಿ ಒಪ್ಪಿಕೊಂಡಿತು. ಕಮಿಷನರ್ ಕಬ್ಬನ್ನನ ಕಾಲದಲ್ಲಿ 769 ಬಗೆಯ ಸಣ್ಣಪುಟ್ಟ ತೆರಿಗೆಗಳು ರದ್ದಾದವು. ಫಲವೇನೋ ದೊರೆಯಿತು, ಆದರೆ ಕೂಟ ಸೇರಿದವನಿಗೆ ತೀರ್ಮಾನದಲ್ಲಿ ಪಾಲಿರಲಿಲ್ಲ.

ಆಫ್ರಿಕದ ಇಂದಿನ ಮನಸ್ಸೂ ಇಂಥ ಇಬ್ಬಗೆಯದು. ಹೇಗ್ ನ್ಯಾಯಾಲಯದ ಒಪ್ಪಂದವನ್ನು 1999ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ್ದು ಆಫ್ರಿಕದ ಸೆನೆಗಲ್ ದೇಶ. ಉಗಾಂಡದ ಸರ್ಕಾರ ತಾನಾಗಿಯೇ ಆ ಬಾಗಿಲಿಗೆ ಹೋಯಿತು. 2005ರಲ್ಲಿ ಬಂಡುಕೋರ ನಾಯಕರ ಮೇಲೆ ವಾರಂಟು ಹೊರಟಾಗ, ಇದರಿಂದ ಸಂಧಾನ ಕೆಡುವುದೆಂದು ಅಚೋಲಿ ಜನಾಂಗದ ಹಿರಿಯರು ಕಳವಳಪಟ್ಟರು. ಕೊಂದವರ ಕಡೆಯವರೂ ಕಳೆದುಕೊಂಡವರೂ ಕಹಿಬೇರಿನ ರಸವನ್ನು ಒಟ್ಟಿಗೆ ಕುಡಿದು ವೈರ ತೀರಿಸಿಕೊಳ್ಳುವ 'ಮಾಟೊ ಓಪುಟ್' ಎಂಬ ಪದ್ಧತಿ ಅವರದು. ಕಹಿ ಕುಡಿದರೆ ಸಾಲದು, ಶಿಕ್ಷೆಯಾಗಲೇಬೇಕು ಎಂದ ನೊಂದವರೂ ಅಲ್ಲಿ ಇದ್ದರು.

2025ರಲ್ಲಿ ಫಿಲಿಪೈನ್ಸಿನ ಮಾಜಿ ಅಧ್ಯಕ್ಷರು ಬರುವ ತನಕ ಆ ನ್ಯಾಯಾಲಯದ ಕಟಕಟೆಯಲ್ಲಿ ನಿಂತವರೆಲ್ಲ ಆಫ್ರಿಕದವರೇ. ಅಮೆರಿಕ, ರಷ್ಯ, ಚೀನಗಳು ಅದರ ಸದಸ್ಯರಲ್ಲ. ನಮ್ಮ ಭಾರತವೂ ಅಲ್ಲ. ಬಲ್ಲಿದರಿಗೊಂದು, ಬಡವರಿಗೊಂದು ಎಂಬ ದೂರು ಹುಟ್ಟಿದ್ದು ಹೀಗೆ. 2017ರಲ್ಲಿ ಬುರುಂಡಿ ಹೊರನಡೆಯಿತು. ಆದರೆ ಬಹುಪಾಲು ಸದಸ್ಯರಾಷ್ಟ್ರಗಳು ಉಳಿದುಕೊಂಡವು.

ಹಾಗೆಂದು ಊರಿನ ಕಟ್ಟೆಯೇ ಪರಮನ್ಯಾಯವೆನ್ನಲೂ ಬಾರದು. ರುವಾಂಡದಲ್ಲಿ 2012ರವರೆಗೆ ನಡೆದ 'ಗಚಾಚ' ಎಂಬ ಹಳ್ಳಿಯ ಪಂಚಾಯಿತಿಗಳು ಹತ್ತು ಲಕ್ಷಕ್ಕೂ ಮೇಲ್ಪಟ್ಟು ಮೊಕದ್ದಮೆಗಳನ್ನು ಮುಗಿಸಿದವು. ಗೆದ್ದ ಪಕ್ಷದ ಸೈನಿಕರ ಅಪರಾಧಗಳನ್ನು ಮಾತ್ರ ಅವು ವಿಚಾರಿಸಲಿಲ್ಲ.

ನ್ಯಾಯಪೀಠ ದೂರದಲ್ಲಿರುವುದೇ ದೋಷವಲ್ಲ. ಹತ್ತಿರದ ದೊರೆ ಕಿವಿಗೊಡದಿದ್ದಾಗ ನೊಂದವನು ದೂರದವನ ಮುಖ ನೋಡುವುದು ಸಹಜ. ಆದರೆ ಆ ಪೀಠವು ತನ್ನ ಲಾಭವನ್ನು ಬದಿಗಿಟ್ಟು ಕೇಳಬೇಕು, ಬಲ್ಲಿದನನ್ನೂ ಕರೆಯಬೇಕು, ವಿಚಾರಣೆಯಾದ ಮೇಲೆ ತೀರ್ಪು ಕೊಡಬೇಕು. ಬಸವಾಪಟ್ಟಣದ ಕೂಟಕ್ಕೆ ದೊರೆಯದೆ ಹೋದದ್ದು ಇದೇ. ಆಫ್ರಿಕದ ಹಳ್ಳಿಗರು ಇಂದು ಕೇಳುತ್ತಿರುವುದೂ ಇದಕ್ಕಿಂತ ಹೆಚ್ಚಿನದನ್ನಲ್ಲ.