ಕಂದು ಬಣ್ಣದ ಹಡಗು

ಇಂಗ್ಲೆಂಡಿನ ಮಿಡಲ್ಸ್‌ಬರೋದಲ್ಲಿ ಓದುತ್ತಿರುವ ನನ್ನ ತಂಗಿಯ ಮಗ ಈಚೆಗೆ ಒಂದು ಫೋಟೊ ಕಳಿಸಿ, "ಮಾಮು, ಇದು ಯಾವ ಕಾಲದ್ದು ಹೇಳಿ ನೋಡೋಣ" ಎಂದು ಕೇಳಿದ. ಮೂರು ಕಂಬಗಳ ಹಾಯಿಹಡಗು. ಕಂದು ಬಣ್ಣ, ಮಾಸಿದ ಅಂಚು, ಮೋಡವೇ ಇಲ್ಲದ ಬಿಳಿ ಆಕಾಶ, ಅಲ್ಲಲ್ಲಿ ಗೀರು. "ನೂರೈವತ್ತು ವರ್ಷವಾದರೂ ಆಗಿರಬೇಕು" ಎಂದೆ. ಹೋದ ಭಾನುವಾರ ಅವನೇ ತೆಗೆದ ಫೋಟೊ ಅದು! ಹಿಂದಿದ್ದ ಕಟ್ಟಡಗಳನ್ನು ತಪ್ಪಿಸಲು ನೆಲಕ್ಕೆ ಕೂತು, ಕ್ಯಾಮೆರಾವನ್ನು ಮೇಲಕ್ಕೆತ್ತಿ ತೆಗೆದನಂತೆ. ಉಳಿದದ್ದನ್ನು ಫೋನು ಮಾಡಿತು. ಬಣ್ಣ ತೆಗೆದು ಕಂದು ಬಳಿಯಿತು, ಗೀರುಗಳನ್ನೂ ಅದೇ ಹಾಕಿತು.

ಹಳೆಯ ಹಡಗುಗಳನ್ನು ಹೀಗೆ ಹಳೆಯ ಫೋಟೊದಂತೆ ಕಾಣಿಸುವುದು ಈಗ ಅನೇಕರ ಹವ್ಯಾಸ. ನನಗೆ ಅದರ ಮೇಲೆ ಸಿಟ್ಟಿಲ್ಲ. ಆದರೆ ಹಡಗಿನ ಹೆಸರು ಕೇಳಿದ ಮೇಲೆ ನಾನು ಆ ಚಿತ್ರವನ್ನು ಅಷ್ಟು ಸುಲಭವಾಗಿ ಬಿಡಲಾಗಲಿಲ್ಲ. ಹಡಗಿನ ಹೆಸರು ಟ್ರಿಂಕೊಮಲಿ. ಹಾರ್ಟಲ್‌ಪೂಲ್ ಎಂಬ ಊರಿನಲ್ಲಿ ಇಂದಿಗೂ ನೀರಿನ ಮೇಲೆ ತೇಲುತ್ತಿರುವ ಬ್ರಿಟಿಷ್ ಯುದ್ಧನೌಕೆ. ಕಟ್ಟಿದ್ದು ಮಾತ್ರ ಮುಂಬಯಿಯಲ್ಲಿ. ನೀರಿಗೆ ಇಳಿಸಿದ್ದು 1817ರ ಅಕ್ಟೋಬರ್‌ನಲ್ಲಿ.

ಛಾಯಾಗ್ರಹಣದ ವಿಧಾನವನ್ನು ಲೋಕದೆದುರು ಪ್ರಕಟಿಸಿದ್ದು 1839ರಲ್ಲಿ. ಅಂದರೆ ಟ್ರಿಂಕೊಮಲಿ ಹೊಸದಾಗಿದ್ದಾಗ ಅದನ್ನು ಹಿಡಿದಿಡುವ ಕ್ಯಾಮೆರಾವೇ ಇರಲಿಲ್ಲ. ಆಮೇಲೂ ಆರಂಭದ ಫೋಟೊಗ್ರಾಫರರಿಗೆ ಸಮುದ್ರ ದೊಡ್ಡ ತಲೆನೋವಾಗಿತ್ತು. ಅಲೆ ನಿಲ್ಲುವುದಿಲ್ಲ, ಹಡಗೂ ನಿಲ್ಲುವುದಿಲ್ಲ. ಗಾಜಿನ ಫಲಕಕ್ಕೆ ಹಚ್ಚುತ್ತಿದ್ದ ರಾಸಾಯನಿಕ ನೀಲಿಗೆ ಅತಿಯಾಗಿ ಸ್ಪಂದಿಸುತ್ತಿದ್ದುದರಿಂದ ಆಕಾಶವೆಲ್ಲ ಬಿಳಿಯಾಗಿ ಬಿಡುತ್ತಿತ್ತು. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1856-57ರ ಸುಮಾರಿಗೆ ಸಮುದ್ರದ ಅದ್ಭುತ ಚಿತ್ರಗಳನ್ನು ತೆಗೆದ. ಅವುಗಳಲ್ಲಿ ಕೆಲವಕ್ಕೆ ಆಕಾಶಕ್ಕೊಂದು, ನೀರಿಗೊಂದು ಎಂದು ಎರಡು ನೆಗೆಟಿವ್‌ಗಳನ್ನು ಜೋಡಿಸಿ ಒಂದೇ ಚಿತ್ರ ಮಾಡಿದ್ದ. ನಮ್ಮ ಹುಡುಗರು ಫೋನಿನಲ್ಲಿ ಮಾಡುವ ಕೈಚಳಕ ಹೊಸದೇನಲ್ಲ. (ಈ ಲ ಗ್ರೇ ಕೊನೆಗೆ ಸಾಲದ ಕಾಟಕ್ಕೆ ಪ್ಯಾರಿಸ್ ಬಿಟ್ಟು ಈಜಿಪ್ಟ್ ಸೇರಿದ. ಕೈರೋದಲ್ಲಿ ಚಿತ್ರಕಲೆ ಕಲಿಸುತ್ತ 1884ರಲ್ಲಿ ಅಲ್ಲೇ ತೀರಿಕೊಂಡ.)

ಇನ್ನು ಆ ಕಂದು ಬಣ್ಣ. ಮೊಟ್ಟೆಯ ಬಿಳಿ ಸವರಿದ ಕಾಗದದ ಮೇಲೆ ಚಿತ್ರ ಮೂಡಿಸಿ, ಅದಕ್ಕೆ ಚಿನ್ನದ ಲವಣದ ಸಂಸ್ಕಾರ ಕೊಡುತ್ತಿದ್ದರು. ಆಗ ಅದು ನೇರಳೆ ಬೆರೆತ ಗಾಢ ಬಣ್ಣದಿಂದ ಹೊಳೆಯುತ್ತಿತ್ತು. ಹಳದಿಗೆ ತಿರುಗಿದ್ದು, ಮಾಸಿದ್ದು ಎಲ್ಲ ಆಮೇಲೆ. ನಾವು 'ಹಳೆಯ ಕಾಲ' ಎಂದುಕೊಳ್ಳುವುದು ಹಡಗಿನ ವಯಸ್ಸನ್ನಲ್ಲ, ಕಾಗದದ ವಯಸ್ಸನ್ನು.

ನಿಜವಾದ ಹಳೆಯ ಫೋಟೊಗಳಲ್ಲಿ ಈ ಹಡಗುಗಳು ಹೇಗಿದ್ದವು? ಅಮೆರಿಕದ ಬಾಸ್ಟನ್ನಿನಲ್ಲಿರುವ ಕಾನ್‌ಸ್ಟಿಟ್ಯೂಷನ್ ಎಂಬ ಯುದ್ಧನೌಕೆಯನ್ನೇ ನೋಡಿ. 1797ರಲ್ಲಿ ನೀರಿಗಿಳಿದ ಅದು ಇಂದಿಗೂ ತೇಲುತ್ತಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಫೋಟೊಗಳಲ್ಲಿ ಅದರ ಮೇಲೆ ಹುಲ್ಲಿನ ಕೊಟ್ಟಿಗೆಯಂಥ ದೊಡ್ಡ ಛಾವಣಿ ಕೂತಿದೆ. ಮನೆಯೊಂದು ಪ್ರವಾಹದಲ್ಲಿ ತೇಲಿ ಬಂದ ಹಾಗೆ! ಯುದ್ಧ ಮುಗಿದ ಹಡಗುಗಳ ಪಾಡು ಅದು: ಕಂಬ ಕಳಚಿ, ಮಾಡು ಹೊದಿಸಿ, ನಾವಿಕರ ವಸತಿಗೋ ಉಗ್ರಾಣಕ್ಕೋ ಬಳಸುತ್ತಿದ್ದರು. ಅಂಥ ಫೋಟೊವನ್ನು ಗೋಡೆಗೆ ತೂಗುಹಾಕಲು ಯಾರಿಗೂ ಮನಸ್ಸಾಗದು.

ಈ ಕಾನ್‌ಸ್ಟಿಟ್ಯೂಷನ್ನಿಗೂ ನಮ್ಮ ಟ್ರಿಂಕೊಮಲಿಗೂ ಒಂದು ಹಳೆಯ ಲೆಕ್ಕವಿದೆ. ಟ್ರಿಂಕೊಮಲಿಯನ್ನು ಕಟ್ಟಬೇಕಾದ ನಕ್ಷೆಗಳನ್ನು 1812ರಲ್ಲಿ ಮುಂಬಯಿಗೆ ಹೊತ್ತು ಹೊರಟದ್ದು ಜಾವಾ ಎಂಬ ಬ್ರಿಟಿಷ್ ಹಡಗು. ಮುಂಬಯಿಯ ಹೊಸ ಗವರ್ನರ್ ಎಂದು ನೇಮಕವಾಗಿದ್ದ ಹಿಸ್ಲಪ್ ಕೂಡ ಅದರಲ್ಲೇ ಇದ್ದ. ಆ ವರ್ಷದ ಡಿಸೆಂಬರ್ 29ರಂದು ಬ್ರೆಜಿಲ್ ಕರಾವಳಿಯ ಆಚೆ ಕಾನ್‌ಸ್ಟಿಟ್ಯೂಷನ್ ಅದನ್ನು ಸೋಲಿಸಿ, ಉಳಿಸಿಕೊಳ್ಳಲಾಗದಷ್ಟು ಜಖಂ ಆಗಿದ್ದರಿಂದ ಸುಟ್ಟು ಹಾಕಿತು. ನಕ್ಷೆಗಳನ್ನು ಮತ್ತೊಮ್ಮೆ ಕಳಿಸಬೇಕಾಯಿತು. ಕಟ್ಟುವ ಕೆಲಸ ಶುರುವಾದದ್ದು 1816ರಲ್ಲಿ.

ಇಷ್ಟು ದೂರ ಮುಂಬಯಿಗೇ ಏಕೆ? ನೆಪೋಲಿಯನ್ನನ ಜೊತೆಗಿನ ಯುದ್ಧಗಳಲ್ಲಿ ಬ್ರಿಟನ್ನಿನ ಓಕ್ ಮರ ಸಾಲದಾಗಿತ್ತು. ನಮ್ಮ ಸಾಗುವಾನಿ ಓಕ್‌ಗಿಂತ ಬಾಳಿಕೆಯದ್ದು. ಅದರ ಎಣ್ಣೆಯಂಶ ಕಬ್ಬಿಣದ ಮೊಳೆಗಳನ್ನು ಕಾಯುತ್ತದೆ. ಓಕ್‌ನ ಆಮ್ಲ ಅವನ್ನು ತಿನ್ನುತ್ತದೆ. ಉರ್ದುವಿನಲ್ಲಿ ಸಾಗವಾನ್, ಅರಬ್ಬಿಯಲ್ಲಿ ಸಾಜ್. ಇಂಗ್ಲಿಷರು ಬರುವುದಕ್ಕೆ ಎಷ್ಟೋ ಮೊದಲೇ ಅರಬ್ ಹಡಗುಗಳಿಗೆ ಈ ಕರಾವಳಿಯ ಮರ ಬೇಕಾಗಿತ್ತು. ಟಿಪ್ಪು ಸುಲ್ತಾನನಿಗೂ ಅದರ ಬೆಲೆ ಗೊತ್ತಿತ್ತು. 1796ರಲ್ಲಿ ಅವನು ದೊಡ್ಡ ನೌಕಾಪಡೆಯ ಯೋಜನೆ ಹಾಕಿ ಹಡಗು ಕಟ್ಟಲು ಕರಾವಳಿಯ ಅಧಿಕಾರಿಗಳಿಗೆ ಆಜ್ಞೆ ಕೊಟ್ಟಿದ್ದ. ಮೂರೇ ವರ್ಷದಲ್ಲಿ ಶ್ರೀರಂಗಪಟ್ಟಣ ಬಿತ್ತು. 1792ರಲ್ಲಿ ಮಲಬಾರ್, 1799ರಲ್ಲಿ ಕೆನರಾ ಹೀಗೆ ಕಾಡುಗಳೆಲ್ಲ ಕಂಪನಿಯ ಕೈಸೇರಿದವು.

1806ರಲ್ಲಿ ಕಂಪನಿ ವಾಟ್ಸನ್ ಎಂಬ ಕ್ಯಾಪ್ಟನ್‌ನನ್ನು ಅರಣ್ಯ ಸಂರಕ್ಷಕನನ್ನಾಗಿ ನೇಮಿಸಿತು. ಹೆಸರು ಸಂರಕ್ಷಣೆ; ಕೆಲಸ, ಹಡಗುಕಟ್ಟೆಗೆ ಸಾಗುವಾನಿ ತಪ್ಪದಂತೆ ನೋಡಿಕೊಳ್ಳುವುದು. ಮರ ಸರ್ಕಾರದ್ದೆಂದು ಸಾರಲಾಯಿತು. ಕಾಡಿನ ಒಡೆಯರಿಗೆ, ಮಾಪಿಳ್ಳೆ ವರ್ತಕರೂ ಸೇರಿದಂತೆ ಮರದ ವ್ಯಾಪಾರಿಗಳಿಗೆ, ಸೌದೆಗೆ ಕಾಡಿಗೆ ಹೋಗುತ್ತಿದ್ದ ರೈತರಿಗೆ ಎಲ್ಲರಿಗೂ ಕಷ್ಟವಾಯಿತು. ದೂರುಗಳು ಹೆಚ್ಚಿ ಕಡೆಗೆ 1823ರಲ್ಲಿ, ಥಾಮಸ್ ಮನ್ರೋ ಮದರಾಸಿನ ಗವರ್ನರ್ ಆಗಿದ್ದಾಗ, ಆ ಹುದ್ದೆ ರದ್ದಾಯಿತು. ಟ್ರಿಂಕೊಮಲಿ ಕಟ್ಟಿದ್ದು ಈ ಹದಿನೇಳು ವರ್ಷಗಳ ನಡುವೆ, ಮಲಬಾರಿನ ಸಾಗುವಾನಿಯಿಂದ.

ಕಟ್ಟಿದವನು ಜಮ್‌ಶೆಟ್‌ಜಿ ಬೊಮ್ಮನ್‌ಜಿ ವಾಡಿಯಾ ಎಂಬ ಪಾರ್ಸಿ ಮೇಸ್ತ್ರಿ. ತನ್ನ ಸಮಾಜದ ಸಂಪ್ರದಾಯದಂತೆ ತಳದ ಮರಕ್ಕೆ ಬೆಳ್ಳಿಯ ಮೊಳೆ ಹೊಡೆದು ಕೆಲಸ ಆರಂಭಿಸಿದ. ಅವನ ಬಗ್ಗೆ ಪ್ರಚಲಿತವಾದ ಒಂದು ಕಥೆಯಿದೆ. 1800ರಲ್ಲಿ ಕಟ್ಟಿದ ಕಾರ್ನ್‌ವಾಲಿಸ್ ಹಡಗಿನ ಒಳಗೆ, ಸುಲಭಕ್ಕೆ ಕಣ್ಣಿಗೆ ಬೀಳದ ಜಾಗದಲ್ಲಿ, ಇದನ್ನು ಕಟ್ಟಿದವನು ಒಬ್ಬ ಕರಿಯ ಎಂದು, ಇಂಗ್ಲಿಷರ ಬೈಗುಳವನ್ನೂ ಸೇರಿಸಿ ಕೆತ್ತಿದ್ದನಂತೆ. ವರ್ಷಗಳ ನಂತರ ಹಡಗು ರಿಪೇರಿಗೆ ಬಂದಾಗ ತಾನೇ ಅದನ್ನು ತೋರಿಸಿದನಂತೆ. ಆ ಮನುಷ್ಯನಿಗೆ ಮರದಂತೆ ಇಂಗ್ಲಿಷರ ಮನಸ್ಸೂ ಗೊತ್ತಿತ್ತು ಅನಿಸುತ್ತದೆ. ಅವನ ಕೈಕೆಳಗೆ ದುಡಿದ ಬಡಗಿಗಳು ಮಾತ್ರ ಎಲ್ಲೂ ಏನೂ ಕೆತ್ತಲಿಲ್ಲ.

ಹಡಗು ಸಿದ್ಧವಾಗುವ ಹೊತ್ತಿಗೆ ಯುದ್ಧ ಮುಗಿದು ಎರಡು ವರ್ಷವಾಗಿತ್ತು. 1819ರಲ್ಲಿ ಪೋರ್ಟ್ಸ್‌ಮತ್ ತಲುಪಿದ ಅದು ಸುಮಾರು ಕಾಲು ಶತಮಾನ ಸುಮ್ಮನೆ ನಿಂತಿತು. 1847ರಿಂದ ಹತ್ತು ವರ್ಷ ಸಮುದ್ರ ಸುತ್ತಿ, ಆಮೇಲೆ ತರಬೇತಿಯ ಹಡಗಾಯಿತು. 1897ರಲ್ಲಿ ವೀಟ್ಲಿ ಕಾಬ್ ಎಂಬ ಶ್ರೀಮಂತ ತನ್ನ ಫೂಡ್ರೊಯಾಂಟ್ ಎಂಬ ಹಡಗು ಬಿರುಗಾಳಿಗೆ ಒಡೆದುಹೋದಾಗ, ಅದರ ಬದಲಿಗೆ ಇದನ್ನು ಕೊಂಡು ಅದೇ ಹೆಸರಿಟ್ಟ. ಹೀಗಾಗಿ ಇಪ್ಪತ್ತನೆಯ ಶತಮಾನದ ಅಸಲಿ ಫೋಟೊಗಳಲ್ಲಿ ಈ ಹಡಗಿಗೆ ತನ್ನ ಹೆಸರೇ ಇಲ್ಲ. 1987ರಲ್ಲಿ ಹಾರ್ಟಲ್‌ಪೂಲಿಗೆ ತಂದು ರಿಪೇರಿ ಶುರುಮಾಡಿದರು. ಹಳೆಯ ಹೆಸರು 1992ರಲ್ಲಿ ವಾಪಸು ಬಂತು, ರಿಪೇರಿ 2001ರಲ್ಲಿ ಮುಗಿಯಿತು. ಅರ್ಧಕ್ಕಿಂತ ಹೆಚ್ಚು ಮರ ಇನ್ನೂ ಮೊದಲಿನದ್ದೇ ಉಳಿದಿತ್ತು.

ಇದನ್ನೆಲ್ಲ ನಾನು ಹುಡುಗನಿಗೆ ಫೋನಿನಲ್ಲಿ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲಿನ ಬೋರ್ಡಿನಲ್ಲಿ ಬಾಂಬೆ ಅಂತ ಓದಿದ್ದೆ ಮಾಮು, ಅಷ್ಟೊಂದು ಯೋಚಿಸಲಿಲ್ಲ" ಎಂದ. ಬಣ್ಣದ ಫೋಟೊ ಅಳಿಸದೆ ಇಟ್ಟಿದ್ದರೆ ಕಳಿಸು ಎಂದೆ. ರಾತ್ರಿ ಬಂತು. ಮೋಡ ಕವಿದ ಬೂದು ಆಕಾಶ, ಹಡಗಿನ ಕಪ್ಪು ಮೈಯ ಮೇಲೆ ಬಿಳಿ ಪಟ್ಟಿ, ಮೂಲೆಯಲ್ಲಿ ಹಳದಿ ಮಳೆಕೋಟು ತೊಟ್ಟ ಒಂದು ಹುಡುಗಿ. ಇನ್ನೊಂದು ಫೋಟೊದಲ್ಲಿ ಅವನು ಹಡಗಿನ ಒಳಗೆ ನಿಂತು ಒಂದು ತೊಲೆಯ ಮೇಲೆ ಅಂಗೈ ಇಟ್ಟಿದ್ದ.