ನೆಲೆವೀಡು, ಟೀಪಿ, ಬಾಡಿಗೆಯ ಗುಡಾರ

ನಮ್ಮ ಹಳೆಯ ಶಾಸನಗಳು ಅರಸನಿದ್ದ ರಾಜಧಾನಿಯನ್ನು ಅನೇಕ ಕಡೆ ‘ನೆಲೆವೀಡು’ ಎಂದು ಕರೆಯುತ್ತವೆ. ಬೀಡು ಎಂದರೆ ದಂಡು ಇಳಿದ ತಾಣ. ನೆಲೆವೀಡು ಎಂದರೆ ನೆಲೆನಿಂತ ಬೀಡು. ಕಲ್ಯಾಣದಂಥ ನಗರಿಗೂ ಸಲ್ಲುತ್ತಿದ್ದ ಈ ಮಾತಿನಲ್ಲಿ ಮನೆಗೂ ಬಿಡಾರಕ್ಕೂ ನಡುವೆ ಗೋಡೆಯಿಲ್ಲ. ಭೂಗೋಳದ ಆಚೆ ಬದಿಯಲ್ಲಿ, ಅಮೆರಿಕದ ಉತ್ತರ ಬಯಲುಸೀಮೆಯ ಲಕೋಟಾ ಜನರ ಭಾಷೆಯಲ್ಲೂ ಇಂಥದೇ ಒಂದು ಪದವಿದೆ: ಟೀಪಿ. ಅದರ ಮೂಲಾರ್ಥ ‘ಅವರು ವಾಸಿಸುತ್ತಾರೆ’ ಎಂದು. ಇಂದು ಅದೇ ಬಯಲಿನಲ್ಲಿ ಪ್ರವಾಸಿಗಳು ಮೆತ್ತೆ, ದೀಪ, ಬೆಚ್ಚನೆಯ ಸ್ನಾನಗಳೊಡನೆ ಒಂದೆರಡು ರಾತ್ರಿಗಳ ಮಟ್ಟಿಗೆ ಬಾಡಿಗೆಗೆ ಪಡೆಯುವ ಗುಡಾರಗಳಲ್ಲಿ ಟೀಪಿಯೂ ಒಂದು. ಈ ವೈಭೋಗದ ಬಿಡಾರಕ್ಕೆ ‘ಗ್ಲ್ಯಾಂಪಿಂಗ್’ ಎಂಬ ಹೊಸ ಹೆಸರು ಬಂದಿದೆ. ವಾಸಿಸುವವರ ಮನೆ ತಂಗುವವರ ವಿನೋದವಾದ ಬಗೆಯನ್ನು ತಿಳಿಯಬೇಕಾದರೆ ನೂರೆಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕು.

ಮಿಸ್ಸೂರಿ ನದಿಯ ಮೇಲ್ಹರಿವಿನ ಈ ಹುಲ್ಲುನಾಡು ಎರಡು ಡಕೋಟಾಗಳು, ಮೊಂಟಾನಾ ಮತ್ತು ವಯೋಮಿಂಗ್‌ಗಳ ಪೂರ್ವಭಾಗಗಳನ್ನು ಒಳಗೊಂಡು ಕೆನಡಾದೊಳಕ್ಕೂ ಹಬ್ಬಿದೆ. ಇಲ್ಲಿನ ಗಾಳಿಗೆ ತಡೆಯಿಲ್ಲ, ಚಳಿಗಾಲಕ್ಕೆ ಕರುಣೆಯಿಲ್ಲ. ಟೀಪಿ ಇವೆರಡನ್ನೂ ಬಲ್ಲವರ ನಿರ್ಮಾಣ. ದೂರದಿಂದ ನೇರ ಶಂಕುವಿನಂತೆ ಕಂಡರೂ ಅದರ ಬೆನ್ನು ಕಡಿದಾಗಿ, ಮುಂಭಾಗ ಓರೆಯಾಗಿ ಇರುತ್ತದೆ. ಬೀಸುಗಾಳಿಗೆ ಬೆನ್ನೊಡ್ಡಿ ಪೂರ್ವಕ್ಕೆ ಬಾಗಿಲು ತೆರೆಯುತ್ತದೆ. ತುದಿಯ ಎರಡು ಕಿವಿಗಳನ್ನು ಹೊರಗಿನ ಗಳುಗಳಿಂದ ತಿರುಗಿಸಿ ಹೊಗೆಯನ್ನು ಹೊರಗೆ ಕಳಿಸುತ್ತಿದ್ದರು. ಒಳಗಿನ ಇನ್ನೊಂದು ಪರದೆ ನೆಲಗಾಳಿಯನ್ನು ತಡೆಯುತ್ತಿತ್ತು. ಲಕೋಟಾ, ಶಾಯೆನ್ ಜನರು ಮೂರು ಗಳುಗಳನ್ನು ಮೊದಲು ಕಟ್ಟಿ ನಿಲ್ಲಿಸಿದರೆ, ಕ್ರೋ ಮತ್ತು ಬ್ಲ್ಯಾಕ್‌ಫೀಟ್ ಜನರು ನಾಲ್ಕನ್ನು ನಿಲ್ಲಿಸುತ್ತಿದ್ದರು. ಕಾಡೆಮ್ಮೆಯ ತೊಗಲುಗಳನ್ನು ಹದಮಾಡಿ ಹೊಲಿಯುವವರು, ಗುಡಾರವನ್ನು ಎತ್ತುವವರು, ಕಳಚುವವರು ಹೆಂಗಸರು. ಅದರ ಒಡೆತನವೂ ಅವರದೇ. ಕುದುರೆ ಬರುವ ಮೊದಲು ನಾಯಿಗಳು ಗಳುಗಳನ್ನು ಎಳೆಯುತ್ತಿದ್ದುದರಿಂದ ಮನೆಯೂ ಚಿಕ್ಕದಿತ್ತು. ಹದಿನೆಂಟನೆಯ ಶತಮಾನದಲ್ಲಿ ಕುದುರೆ ಬಂದ ಮೇಲೆ ಅದು ಎತ್ತರವಾಯಿತು.

ಈ ಬಯಲಿಗೆ ವೈಭೋಗದ ಗುಡಾರವನ್ನು ಹೊತ್ತು ತಂದವರಲ್ಲಿ ಹೆಸರಾದವನು ಸರ್ ಜಾರ್ಜ್ ಗೋರ್ ಎಂಬ ಐರಿಷ್ ಶ್ರೀಮಂತ. 1854ರಲ್ಲಿ ಸೇಂಟ್ ಲೂಯಿಯಿಂದ ಹೊರಟ ಅವನ ಸಂಗಡ ಸುಮಾರು ನಲವತ್ತು ಆಳುಗಳು, ನೂರಕ್ಕೂ ಮಿಕ್ಕಿ ಕುದುರೆಗಳು, ಐವತ್ತರಷ್ಟು ಬೇಟೆನಾಯಿಗಳು, ಬಂಡಿಗಟ್ಟಲೆ ಸರಂಜಾಮು. ಪಟ್ಟೆಪಟ್ಟೆಯ ಬಟ್ಟೆಯ ಡೇರೆಯೊಳಗೆ ಅವನು ಮಲಗುತ್ತಿದ್ದುದು ಹಿತ್ತಾಳೆಯ ಮಂಚದ ಮೇಲೆ. ಹೆಸರಾಂತ ಮಾರ್ಗದರ್ಶಿ ಜಿಮ್ ಬ್ರಿಡ್ಜರ್‌ನಿಗೆ ಸಂಜೆ ಊಟದ ಬಳಿಕ ಷೇಕ್ಸ್‌ಪಿಯರನನ್ನು ಓದಿ ಹೇಳುತ್ತಿದ್ದನಂತೆ. ಮೂರು ವರ್ಷಗಳಲ್ಲಿ ಅವನ ತಂಡ ಕೊಂದ ಕಾಡೆಮ್ಮೆಗಳು ಎರಡು ಸಾವಿರ ಎಂದು ಅಂದಿನ ಲೆಕ್ಕ. ಜಿಂಕೆ, ಕರಡಿಗಳ ಎಣಿಕೆ ಬೇರೆ. ಅಲ್ಲಿನ ಜನಗಳ ಆಹಾರವನ್ನು ಇವನು ವಿನೋದಕ್ಕಾಗಿ ಹಾಳುಮಾಡುತ್ತಿದ್ದಾನೆಂದು ಆ ಸೀಮೆಯ ಸರಕಾರಿ ಏಜೆಂಟನೇ ಮೇಲಕ್ಕೆ ದೂರು ಬರೆದನು. ಕೊನೆಗೆ ಫೋರ್ಟ್ ಯೂನಿಯನ್‌ನಲ್ಲಿ ಬಂಡಿಗಳಿಗೆ ತಕ್ಕ ಬೆಲೆ ಹುಟ್ಟಲಿಲ್ಲವೆಂದು ಗೋರ್ ಅವುಗಳನ್ನು ಸುಟ್ಟುಹಾಕಿದನು. ತಂಗಿದ ನೆಲಕ್ಕೆ ಯಾವ ಋಣವೂ ಇಲ್ಲವೆಂದು ಬಗೆದ ಅತಿಥಿಯ ನಡತೆ ಅದು.

ಅದೇ ಕಾಲದಲ್ಲಿ, 1856ರಲ್ಲಿ, ಹೆನ್ರಿ ಹಾಪ್ಕಿನ್ಸ್ ಸಿಬ್ಲಿ ಎಂಬ ಸೇನಾಧಿಕಾರಿ ಟೀಪಿಯ ಮಾದರಿಯಲ್ಲಿ ಒಂದೇ ಕಂಬದ ದುಂಡು ಡೇರೆಯನ್ನು ರೂಪಿಸಿ ಪೇಟೆಂಟ್ ಪಡೆದನು. ಹನ್ನೆರಡು ಸಿಪಾಯಿಗಳು ಅದರೊಳಗೆ ಮಲಗಬಹುದಿತ್ತು. ಬಯಲಿನ ಹೆಂಗಸರು ಕಂಡುಕೊಂಡ ಆಕಾರ ಹೀಗೆ ದಂಡಿನ ಸೊತ್ತಾಯಿತು. ಇಂದಿನ ವಿಹಾರಕ್ಷೇತ್ರಗಳ ದುಂಡು ಡೇರೆಗಳೂ ಕೆಲವೆಡೆ ಸಿಬ್ಲಿಯ ಹೆಸರಲ್ಲೇ ಮಾರಾಟವಾಗುತ್ತವೆ. ಮೂಲದ ಟೀಪಿಗಾದರೋ ಬೇರೆ ಗತಿ ಕಾದಿತ್ತು. 1876ರ ನವೆಂಬರ್ 25ರ ಬೆಳಗಿನ ಜಾವ ವಯೋಮಿಂಗ್‌ನ ಪೌಡರ್ ನದಿಯ ಕವಲೊಂದರ ಬಳಿ ಕರ್ನಲ್ ಮೆಕೆಂಜಿಯ ಸೈನ್ಯ ಉತ್ತರ ಶಾಯೆನ್ ಜನರ ಬೀಡಿನ ಮೇಲೆ ಬಿದ್ದಿತು. ಇನ್ನೂರರ ಸಮೀಪದ ಟೀಪಿಗಳನ್ನು, ಚಳಿಗಾಲಕ್ಕೆ ಕೂಡಿಟ್ಟ ಮಾಂಸವನ್ನು, ಹೊದಿಕೆಗಳನ್ನು ಸುಟ್ಟಿತು. ಮುಂದಿನ ರಾತ್ರಿಗಳಲ್ಲಿ ಕೂಸುಗಳು ತಾಯಂದಿರ ತೋಳುಗಳಲ್ಲೇ ಚಳಿಗೆ ಸತ್ತವು. ಗುಡಾರವೆಂದರೆ ಅವರಿಗೆ ಏನಾಗಿತ್ತೆಂಬುದನ್ನು ಹೇಳಲು ಇದಕ್ಕಿಂತ ಹೆಚ್ಚಿನ ಮಾತು ಬೇಡ.

1868ರ ಫೋರ್ಟ್ ಲ್ಯಾರಮಿ ಒಪ್ಪಂದ ಬ್ಲ್ಯಾಕ್ ಹಿಲ್ಸ್ ಬೆಟ್ಟಗಳನ್ನು ಲಕೋಟಾ ಜನರಿಗೆ ಬಿಟ್ಟುಕೊಟ್ಟಿತ್ತು. 1874ರಲ್ಲಿ ಅಲ್ಲಿ ಚಿನ್ನ ಸಿಕ್ಕಿತು. 1877ರಲ್ಲಿ ಸರಕಾರ ಅವನ್ನು ಕಿತ್ತುಕೊಂಡಿತು. 1880ರ ದಶಕ ಮುಗಿಯುವಷ್ಟರಲ್ಲಿ ಕೋಟಿಗಳಲ್ಲಿದ್ದ ಕಾಡೆಮ್ಮೆಗಳು ನೂರುಗಳಿಗೆ ಇಳಿದವು. ತೊಗಲಿಲ್ಲದೆ ಟೀಪಿಗೆ ಕ್ಯಾನ್ವಾಸ್ ಬಂದಿತು. ಮೀಸಲು ನೆಲಗಳ ಅಧಿಕಾರಿಗಳು ಅದನ್ನೂ ಬಿಡಿಸಿ ಮರದ ದಿಮ್ಮಿಯ ಮನೆಗಳಲ್ಲಿ ಅವರನ್ನು ನೆಲೆನಿಲ್ಲಿಸಲು ಹವಣಿಸಿದರು.

ಟೀಪಿ ವಾಸದಿಂದ ಮರೆಯಾಗುತ್ತಿದ್ದಾಗಲೇ ಜಾಹೀರಾತಿನಲ್ಲಿ ಕಾಣಿಸಿಕೊಂಡದ್ದು ಕಾಕತಾಳೀಯವಲ್ಲ. ಬ್ಲ್ಯಾಕ್‌ಫೀಟ್ ಜನರಿಂದ 1895ರ ಒಪ್ಪಂದದಲ್ಲಿ ಪಡೆದ ಬೆಟ್ಟದ ಪಟ್ಟಿ 1910ರಲ್ಲಿ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದ ಭಾಗವಾಯಿತು. ಗ್ರೇಟ್ ನಾರ್ದರ್ನ್ ರೈಲ್ವೆ ತನ್ನ ಹೋಟೆಲಿನ ಮುಂದೆ ಅದೇ ಜನರ ಟೀಪಿಗಳನ್ನು ನಿಲ್ಲಿಸಿ ಪ್ರಯಾಣಿಕರನ್ನು ಸ್ವಾಗತಿಸಿತು. ಮೋಟಾರಿನ ಯುಗ ಬಂದಾಗ, 1962ರಲ್ಲಿ ಮೊಂಟಾನಾದ ಬಿಲ್ಲಿಂಗ್ಸ್‌ನಲ್ಲಿ ಯೆಲ್ಲೊಸ್ಟೋನ್ ನದಿಯ ದಡದ ಒಂದು ಬಿಡಾರದಿಂದ ಕೆಓಎ ಎಂಬ ಸಂಸ್ಥೆ ಹುಟ್ಟಿತು. ಸಿಯಾಟಲ್ಲಿನ ವಿಶ್ವಮೇಳಕ್ಕೆ ಕಾರುಗಳಲ್ಲಿ ಸಾಗುವವರಿಗೆ ಅದು ಜಾಗ, ನೀರು, ಸ್ನಾನ ಒದಗಿಸಿತು. ಇಂದು ಉತ್ತರ ಅಮೆರಿಕದ ಉದ್ದಗಲಕ್ಕೂ ಹಬ್ಬಿರುವ ಆ ಸಂಸ್ಥೆಯ ಲಾಂಛನದಲ್ಲಿರುವುದೂ ಟೀಪಿಯೇ.

ಹಾಗೆಂದು ಟೀಪಿ ಬರಿಯ ಲಾಂಛನವಾಗಿ ಉಳಿಯಲಿಲ್ಲ. 1904ರಲ್ಲಿ ಕ್ರೋ ಜನರಿಗೆ ಬೇಸಾಯದ ಹುರುಪು ತುಂಬಲೆಂದು ಸರಕಾರಿ ಏಜೆಂಟನೊಬ್ಬ ಆರಂಭಿಸಿದ ಮೇಳವನ್ನು ಆ ಜನರು ತಮ್ಮದಾಗಿಸಿಕೊಂಡರು. ಪ್ರತಿ ಆಗಸ್ಟ್‌ನಲ್ಲಿ ಲಿಟಲ್ ಬಿಗ್‌ಹಾರ್ನ್ ನದಿಯ ಬಳಿ ಸಾವಿರಕ್ಕೂ ಮಿಕ್ಕಿ ಟೀಪಿಗಳು ಏಳುತ್ತವೆ. ಗಳು ಕಟ್ಟುವ ಕ್ರಮವನ್ನು ಮೊಮ್ಮಕ್ಕಳು ಅಜ್ಜಿಯರಿಂದ ಕಲಿಯುತ್ತಾರೆ. 2016ರಲ್ಲಿ ಸ್ಟ್ಯಾಂಡಿಂಗ್ ರಾಕ್ ಬಳಿ ತೈಲದ ಕೊಳವೆಮಾರ್ಗವನ್ನು ವಿರೋಧಿಸಿ ಸೇರಿದ ಸಾವಿರಾರು ಜನರೂ ಟೀಪಿಗಳನ್ನು ಎಬ್ಬಿಸಿ ಹಿಮಗಾಲವನ್ನು ಎದುರಿಸಿದರು. ಬ್ಲ್ಯಾಕ್ ಹಿಲ್ಸ್ ವಶಪಡಿಸಿಕೊಂಡದ್ದಕ್ಕೆ ಪರಿಹಾರ ಸಲ್ಲಬೇಕೆಂದು 1980ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಬಡ್ಡಿ ಸೇರಿ ಆ ಮೊತ್ತ ಈಗ ನೂರು ಕೋಟಿ ಡಾಲರುಗಳನ್ನು ಮೀರಿದೆ. ಬಡತನದ ನಡುವೆಯೂ ಲಕೋಟಾ ಜನರು ಅದನ್ನು ಮುಟ್ಟಿಲ್ಲ. ಬೆಟ್ಟಗಳು ಮಾರಾಟಕ್ಕಿಲ್ಲವೆಂಬುದೇ ಅವರ ನಿಲುವು. ಅದೇ ಬೆಟ್ಟಗಳ ಮಡಿಲಲ್ಲಿ ಬೇಸಿಗೆಯುದ್ದಕ್ಕೂ ಬಾಡಿಗೆಯ ಬಿಡಾರಗಳು ತುಂಬಿರುತ್ತವೆ.

ಬಯಲಿನ ಹುಲ್ಲಿನ ನಡುವೆ ಅಲ್ಲಲ್ಲಿ ಕಲ್ಲಿನ ವೃತ್ತಗಳು ಸಿಗುತ್ತವೆ. ತೊಗಲಿನ ಅಂಚು ಗಾಳಿಗೆ ಏಳದಂತೆ ಹೇರಿ, ಬೀಡು ಕಿತ್ತಾಗ ಉರುಳಿಸಿಬಿಟ್ಟ ಕಲ್ಲುಗಳು ಅವು. ಉತ್ತದ ಕಡೆ ಅಳಿದಿವೆ, ಉಳದ ಕಡೆ ಉಳಿದಿವೆ. ಬಿಡಾರವೂ ನೆಲೆಯಾಗಬಲ್ಲದು ಎಂಬುದನ್ನು ನೆಲೆವೀಡು ಎಂಬ ಮಾತಿನಲ್ಲೇ ಬಲ್ಲ ನಮಗೆ ಆ ವೃತ್ತಗಳನ್ನು ಮನೆಯ ಅಡಿಪಾಯಗಳೆಂದು ಓದುವುದು ಕಷ್ಟವಾಗಬಾರದು.