ಪರಿಹಾರದ ಹಣ, ಊರಿನ ಪಾಲು: ಬಳ್ಳಾರಿಯ ಗಣಿ ನಿಧಿಯಿಂದ ರಾಮಕೃಷ್ಣನಗರದವರೆಗೆ

ಚಟ ಹಿಡಿಸುವ ನೋವುನಿವಾರಕಗಳಾದ ಓಪಿಯಾಯ್ಡ್ ಮಾತ್ರೆಗಳ ಕುರಿತ ಅಮೆರಿಕದ ಮೊಕದ್ದಮೆಯಲ್ಲಿ ಮೂರು ಸಗಟು ವಿತರಕರೂ ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯೂ 2021ರಲ್ಲಿ 2,600 ಕೋಟಿ ಡಾಲರ್ ತೆರಲು ಒಪ್ಪಿದಾಗ, ಕನಿಷ್ಠ ಶೇ 85ರಷ್ಟನ್ನು ವ್ಯಸನದ ಹಾನಿ ತಗ್ಗಿಸಲೆಂದೇ ಮೀಸಲಿಡಲಾಯಿತು. ಇದಕ್ಕೆ ಕಾರಣವಿತ್ತು. ಸಿಗರೇಟು ಕಂಪನಿಗಳ ಜೊತೆಗಿನ 1998ರ ತಂಬಾಕು ಒಪ್ಪಂದದ ಹಣದ ಬಹುಪಾಲನ್ನು ಅಮೆರಿಕದ ರಾಜ್ಯಗಳು ಬೇರೆ ಬಾಬತ್ತುಗಳಿಗೆ ಬಳಸಿದ್ದವು.

ಕರ್ನಾಟಕದಲ್ಲಿ ಇದಕ್ಕೆ ತೀರ ಹತ್ತಿರದ ಪ್ರಕರಣ ಬಳ್ಳಾರಿಯದು. ಅಕ್ರಮ ಗಣಿಗಾರಿಕೆಯ ವಿರುದ್ಧ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಕೋರ್ಟಿನ ಆದೇಶದಿಂದ 2011ರಲ್ಲಿ ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲಿ ಗಣಿಗಾರಿಕೆ ನಿಂತಿತು. ಅದಿರಿನ ಹರಾಜಿನ ಹಣದಲ್ಲಿ ಒಂದು ಪಾಲನ್ನು ಗಣಿ ಪ್ರದೇಶದ ಪುನಶ್ಚೇತನಕ್ಕೆಂದು ತೆಗೆದಿರಿಸಲಾಯಿತು. ಅದಕ್ಕಾಗಿ 2014ರಲ್ಲಿ ನಿಗಮವೂ ಬಂತು. ಆದರೆ ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಸಿಕ್ಕಿ, ಮೇಲುಸ್ತುವಾರಿಗೆ ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿ ನೇಮಕವಾದದ್ದು 2022ರ ಅಕ್ಟೋಬರ್‌ನಲ್ಲಿ. ಲಾರಿಗಳ ಕೆಂದೂಳು ಕುಡಿಯುತ್ತ 2011ರಲ್ಲಿ ಒಂದನೇ ತರಗತಿಗೆ ಸೇರಿದ ಸಂಡೂರಿನ ಮಗು ಅಷ್ಟರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿತ್ತು.

ಹಣ ಬಿಡುವಲ್ಲಿ ಕೋರ್ಟ್ ತೋರಿದ ಬಿಗಿಯನ್ನು ನಾನು ತಪ್ಪೆನ್ನಲಾರೆ. ಬೇಲೆಕೇರಿ ಬಂದರಿನಲ್ಲಿ ಜಪ್ತಿಯಾದ ಅದಿರೇ ಮಾಯವಾದ ರಾಜ್ಯವಿದು. ಹಣ ಉಳಿಯಿತು ನಿಜ, ಆದರೆ ಧೂಳು ಉಂಡವರ ಮಾತಿಗೆ ಅಲ್ಲಿ ಖಚಿತ ಜಾಗ ಸಿಗಲಿಲ್ಲ. ಗಣಿಬಾಧಿತ ಪ್ರದೇಶಗಳಿಗೆಂದು 2015ರಲ್ಲಿ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನದಲ್ಲೂ ಇದೇ ಕೊರತೆ: ಯೋಜನೆಗಳಿಗೆ ಗ್ರಾಮಸಭೆಯ ಒಪ್ಪಿಗೆ ಕಡ್ಡಾಯವಾಗಿರುವುದು ಅನುಸೂಚಿತ ಪ್ರದೇಶಗಳಲ್ಲಿ ಮಾತ್ರ; ಸಂವಿಧಾನದ ಐದನೇ ಅನುಸೂಚಿಯ ಅಂಥ ಪ್ರದೇಶ ಕರ್ನಾಟಕದಲ್ಲಿ ಇಲ್ಲವೇ ಇಲ್ಲ.

ಮಾದಕ ವಸ್ತುಗಳ ವಿಷಯಕ್ಕೆ ಬಂದರೆ ಹಣ ಇನ್ನೂ ದೂರ. 1985ರ ಎನ್‌ಡಿಪಿಎಸ್ ಕಾಯ್ದೆಗೆ 1989ರಲ್ಲಿ ಸೇರಿದ 7ಎ ಕಲಮಿನ ಪ್ರಕಾರ, ಮುಟ್ಟುಗೋಲಾದ ಆಸ್ತಿ ಮಾರಿದ ಹಣ ಕೇಂದ್ರದ ನಿಧಿಗೆ ಜಮೆಯಾಗುತ್ತದೆ. ವ್ಯಸನಿಗಳ ಚಿಕಿತ್ಸೆ, ಪುನರ್ವಸತಿಗೂ ಅದನ್ನು ಬಳಸಬಹುದು. ಆದರೆ ಅದರ ವಿನಿಯೋಗದಲ್ಲಿ ಮೈಸೂರಿನ ರಾಮಕೃಷ್ಣನಗರದಂಥ ಬಡಾವಣೆಗೆ ಕಾಯ್ದೆ ಯಾವ ಪಾತ್ರವನ್ನೂ ಕೊಟ್ಟಿಲ್ಲ. ಕುಡಿತ, ಗಾಂಜಾ, ಮಾತ್ರೆಗಳಿಗೆ ಮಗನನ್ನು ಕಳೆದುಕೊಳ್ಳುತ್ತಿರುವ ತಾಯಿ ಮೊದಲು ಬಾಗಿಲು ತಟ್ಟುವುದು ವಾರ್ಡಿನ ಸದಸ್ಯರದು; ಮೈಸೂರು ಪಾಲಿಕೆಯ ಚುನಾಯಿತ ಸದಸ್ಯರ ಅವಧಿಯೂ 2023ರ ನವೆಂಬರ್‌ನಲ್ಲಿ ಮುಗಿಯಿತು.

ಆದ್ದರಿಂದ ತಿದ್ದುಪಡಿ ಆಗಬೇಕಾದದ್ದು 7ಎ ಕಲಮಿಗೇ. ಆಸ್ತಿ ಯಾವ ನಗರದಲ್ಲಿ ಮುಟ್ಟುಗೋಲಾಯಿತೋ ಆ ನಗರದ ಚಿಕಿತ್ಸಾ ಕೇಂದ್ರಗಳಿಗೆ ನಿಗದಿತ ಪಾಲು ಸೇರಬೇಕು, ಲೆಕ್ಕ ವಾರ್ಡ್ ಸಮಿತಿಯ ಮುಂದೆ ಬರಬೇಕು, ಆ ಸಮಿತಿಯಲ್ಲಿ ವ್ಯಸನದಿಂದ ಹೊರಬಂದವರಿಗೂ ಅವರ ಮನೆಯವರಿಗೂ ಮತದ ಹಕ್ಕಿರಬೇಕು.